ನಾಣೇಘಾಟಿನ ಲೆಕ್ಕದ ಪುಸ್ತಕ



ನಾನು ವೇದಿಕೆ ಹತ್ತಿ ಮಾತಾಡಿ ಅಭ್ಯಾಸ ಇರೋಳಲ್ಲ. ಹುಟ್ಟಿದ್ದು ಬೆಳೆದದ್ದು ಚಿತ್ರದುರ್ಗ, ಎಂಟೆಕ್ ಮುಗಿಸಿ ಪುಣೆಗೆ ಬಂದು 11 ವರ್ಷ ಆಯ್ತು, ಸಾಫ್ಟ್‌ವೇರ್ ಕೆಲಸ. ಈ ಚಾನೆಲ್‌ನವರು ಫೋನ್ ಮಾಡಿ, ಪುಣೆ ಹತ್ತಿರ ಒಂದೇ ದಿನದಲ್ಲಿ ಹೋಗಿಬರೋ ಒಂದು ಜಾಗದ ಬಗ್ಗೆ ಹೇಳಿ ಅಂದಾಗ ಒಪ್ಪಿಕೊಂಡೆ. ಆದರೆ ಮೊದಲೇ ಹೇಳಿಬಿಡ್ತೀನಿ, ನಾನು ಆರು ಜಾಗ ನೋಡೋಕೆ ಅಂತ ಹೊರಟು ಸರಿಯಾಗಿ ನೋಡಿದ್ದು ಒಂದೂವರೆ ಜಾಗ. ಆ ಒಂದು ಜಾಗ ನಾಣೇಘಾಟ್. ಅರ್ಧ ಜಾಗ ಕುಕಡೇಶ್ವರ.

ಹೊರಟದ್ದು ಯಾಕೆ ಅಂತ ಹೇಳದೇ ಇದ್ದರೆ ಮುಂದಿನದು ಅರ್ಥ ಆಗಲ್ಲ. ನಾನೊಬ್ಬಳೇ ಮಗಳು. ಅಮ್ಮ ಹೋಗಿ ಎರಡು ವರ್ಷ. ಅಪ್ಪ ಹೊಳಲ್ಕೆರೆ ತಾಲೂಕಿನ ಹಳ್ಳಿ ಶಾಲೆಗಳಲ್ಲಿ 34 ವರ್ಷ ಮೇಷ್ಟ್ರು. ಎಲ್ಲ ಪಾಠ ಮಾಡ್ತಿದ್ದರೂ ಅವರ ಪ್ರೀತಿ ಲೆಕ್ಕದ ಮೇಲೆ. ಕಳೆದ ಜೂನ್‌ನಲ್ಲಿ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಪಕ್ಕದ ಮನೆಯವರು ನೋಡಿದ್ದಕ್ಕೆ ಸರಿಹೋಯ್ತು. ನಾನು, ನಮ್ಮನೆಯವರು ಹೋಗಿ ಹೆಚ್ಚುಕಮ್ಮಿ ಹೊತ್ತುಕೊಂಡೇ ಬಂದ್ವಿ.

ಬಂದರು. ಆದರೆ ನಮ್ಮ ಮನೆಯಲ್ಲಿ ಇರಲಿಲ್ಲ, ತಂಗಿದ್ದರು. ನಿಮ್ಮಲ್ಲಿ ಕೆಲವರಿಗಾದರೂ ಈ ವ್ಯತ್ಯಾಸ ಗೊತ್ತಿರುತ್ತೆ. ಎರಡನೇ ಸಲ ಸಾರು ಹಾಕಿಸಿಕೊಳ್ಳೋರಲ್ಲ. ಫ್ಯಾನ್ ಹಾಕಲಾ ಅಂತ ಕೇಳಿ ಹಾಕೋರು. ನಮ್ಮನೆಯವರು ಆಫೀಸಿಂದ ಬಂದರೆ ಸೋಫಾದಿಂದ ಎದ್ದು ನಿಲ್ಲೋರು. ಹಿಂದಿನ ಕಾಲದಲ್ಲಿ ಮಗಳ ಮನೆಯಲ್ಲಿ ನೀರೂ ಕುಡಿಯಬಾರದು ಅಂತಿದ್ದರಲ್ಲ, ಅಪ್ಪ ಅದನ್ನೆಲ್ಲ ನಂಬೋರಲ್ಲ. ಶಾಲೆಯಲ್ಲಿ ಗಂಡು ಹೆಣ್ಣು ಎರಡೂ ಸಮ ಅಂತ ಬೋರ್ಡಿನ ಮೇಲೆ ಬರೆಸಿದೋರು. ಆದರೆ ನಂಬದೇ ಇರೋದು ಬೇರೆ, ಮೈಯಿಂದ ಹೋಗೋದು ಬೇರೆ.

ಪ್ರವಾಸಕ್ಕೆ ಎರಡು ದಿನ ಮುಂಚೆ ಅವರ ಲೆಕ್ಕದ ಪುಸ್ತಕ ನನ್ನ ಕೈಗೆ ಸಿಕ್ತು. ಮಾತ್ರೆ ಚೀಟಿ ಹುಡುಕ್ತಿದ್ದೆ. ದಿನದಿನದ್ದೂ ಬರೆದಿದ್ದರು. ಹಾಲು, ತರಕಾರಿ, ಡಾಕ್ಟರ ಫೀಸು, ನಾವು ಹೋಟೆಲಿಗೆ ಕರ್ಕೊಂಡು ಹೋದದ್ದರಲ್ಲಿ ತಮ್ಮ ಪಾಲು. ಬಲಗಡೆ ಇನ್ನೊಂದು ಕಾಲಂ, ಮೇಲೆ 'ಮಗಳ ಮನೆ ಬಾಕಿ' ಅಂತ ತಲೆಬರಹ. ಪುಟದ ಕೆಳಗೆ ಮೊತ್ತ. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಪುಸ್ತಕ ಅವರ ಮುಂದೆ ಇಟ್ಟು, "ಇದೇನಪ್ಪಾ ಲಾಡ್ಜಾ?" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸೋಮವಾರಕ್ಕೆ ಬಸ್ ಟಿಕೆಟ್ ಮಾಡಿಸಿದೀನಿ ಕಣವ್ವ" ಅಂದರು. ಅಷ್ಟೇ.

ಶನಿವಾರದ ಪ್ರವಾಸ ಹುಟ್ಟಿದ್ದು ಹೀಗೆ. ಒಂದು ದಿನ ಚೆನ್ನಾಗಿ ಸುತ್ತಾಡಿಸಿದರೆ ಮನಸ್ಸು ಬದಲಾಗಬಹುದು ಅಂತ ನನ್ನ ಯೋಜನೆ. ನಾನು ಯೋಜನೆ ಮಾಡಿದರೆ ಸ್ಪ್ರೆಡ್‌ಶೀಟ್ ಇದ್ದೇ ಇರುತ್ತೆ. ಶಿವನೇರಿ ಕೋಟೆ, ಲೇಣ್ಯಾದ್ರಿ ಗುಹೆಗಳು, ಮಾಣಿಕಡೋಹ್ ಅಣೆಕಟ್ಟು, ಕುಕಡೇಶ್ವರ, ನಾಣೇಘಾಟ್, ವಾಪಸ್ ಬರೋವಾಗ ಗುಳುಂಚವಾಡಿಯ ನೈಸರ್ಗಿಕ ಕಲ್ಲುಸೇತುವೆ. ಒಂದೊಂದಕ್ಕೂ ಇಷ್ಟು ನಿಮಿಷ, ಮಧ್ಯೆ 15 ನಿಮಿಷದ ಬಫರ್. ಇದೆಲ್ಲ ಜುನ್ನರ್ ಸುತ್ತಮುತ್ತಲೇ ಇದೆ, ತಪ್ಪೇನೂ ಇಲ್ಲ ಅನ್ಕೊಂಡೆ. ನಮ್ಮನೆಯವರು ಶೀಟ್ ನೋಡಿ, "ಮೂತ್ರ ವಿಸರ್ಜನೆಗೆ ಕಾಲಂ ಎಲ್ಲಿ?" ಅಂದರು.

ಸೆಪ್ಟೆಂಬರ್ ಕೊನೆಯ ಶನಿವಾರ, ಬೆಳಗ್ಗೆ ಆರಕ್ಕೆ ಬಿಟ್ವಿ. ನಾಶಿಕ್ ಹೈವೇ, ಚಾಕಣದ ಟ್ರಾಫಿಕ್‌ನಲ್ಲೇ ನನ್ನ ಬಫರ್ ಎಲ್ಲ ಖರ್ಚಾಯ್ತು. ನಾರಾಯಣಗಾಂವ್‌ನಿಂದ ಜುನ್ನರ್ ಕಡೆಗೆ ತಿರುಗಿದ ಮೇಲೆ ಶಿವನೇರಿ ಕಾಣಿಸುತ್ತೆ. ಶಿವಾಜಿ ಹುಟ್ಟಿದ ಕೋಟೆ, 1630. ಅಪ್ಪ ಕಾರಿನಿಂದಲೇ ಕೈ ಮುಗಿದು, "ನಮ್ಮ ದುರ್ಗದ ಏಳು ಸುತ್ತೂ ಹತ್ತಕ್ಕಾಗ್ತಿಲ್ಲ, ಇದನ್ನ ಹೇಗೆ ಹತ್ತಲಿ" ಅಂದರು. ಲೇಣ್ಯಾದ್ರಿಯಲ್ಲೂ ಅದೇ ಕತೆ. ಬೌದ್ಧರು ಕೊರೆದ ಸುಮಾರು 30 ಗುಹೆ, ಅದರಲ್ಲಿ ಏಳನೆಯದರಲ್ಲಿ ಈಗ ಅಷ್ಟವಿನಾಯಕರಲ್ಲಿ ಒಬ್ಬನಾದ ಗಣಪತಿ. ಆದರೆ 300ರ ಹತ್ತಿರ ಮೆಟ್ಟಿಲು. ಡೋಲಿಯವರು ಬಂದು ಕೇಳಿದರು. ಇನ್ನೊಬ್ಬರ ಹೆಗಲ ಮೇಲೆ ದೇವರ ಹತ್ತಿರ ಹೋಗಲ್ಲ ಅಂತ ಅಪ್ಪ ಹಠ. ಕೆಳಗಿಂದಲೇ ನೋಡಿ ಮುಂದೆ ಹೊರಟ್ವಿ. ನನಗೆ ಒಳಗೊಳಗೇ ಕಿರಿಕಿರಿ. ಒಂಬತ್ತೂವರೆಗೆ ಎರಡು ಜಾಗ ಶೀಟಿನಿಂದ ಹಾರಿಹೋಗಿತ್ತು.

ಜುನ್ನರ್ ದಾಟಿ ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಭೂಮಿ ಬದಲಾಗುತ್ತೆ. ಬಲಗಡೆ ಎಡಗಡೆ ಗದ್ದೆ, ಅಣೆಕಟ್ಟಿನ ಹಿನ್ನೀರು, ಚಾವಂಡ್ ಕೋಟೆಯ ಬೋಳುತಲೆ. ಇಲ್ಲಿನ ಬೆಟ್ಟಗಳನ್ನ ನೋಡಿದರೆ ಯಾರೋ ದೋಸೆ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಪದರ ಪದರ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು, ಆರಿ, ಮತ್ತೆ ಅದರ ಮೇಲೆ ಹರಿದು ಆದ ಕಪ್ಪುಕಲ್ಲು. ನಮ್ಮ ದುರ್ಗದ ಗುಂಡುಬಂಡೆಗಳ ಜಾತಿಯೇ ಬೇರೆ.

ಪೂರ್ ಅನ್ನೋ ಹಳ್ಳಿಯಲ್ಲಿ ಕುಕಡೇಶ್ವರ. ಚಿಕ್ಕ ಶಿವಾಲಯ, ಹಳೇದು, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದು. ಇಲ್ಲಿನವರು ಹೇಮಾಡಪಂತಿ ಅಂತಾರೆ. ಕುಕಡಿ ನದಿ ಹುಟ್ಟೋದು ಇಲ್ಲೇ. ಅಪ್ಪ ಕಾಲು ತೊಳೆದುಕೊಂಡು ನೀರಿನ ಹತ್ತಿರ ಕೂತರು. ಈ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ನಾನು ಫೋನ್ ತೆಗೆಯೋದರೊಳಗೆ ನಮ್ಮನೆಯವರು ಹೇಳಿದರು. ಕುಕಡಿ ಹೋಗಿ ಘೋಡ್ ನದಿಗೆ, ಘೋಡ್ ಭೀಮೆಗೆ, ಭೀಮೆ ನಮ್ಮ ಕಲಬುರಗಿ ಯಾದಗಿರಿ ಸೀಮೆ ಹಾದು ಕೃಷ್ಣೆಗೆ. "ಓ, ಸನ್ನತಿ ಮುಂದೆ ಹರಿಯೋದು ಇದೇ ನೀರಾ?" ಅಂದರು ಅಪ್ಪ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 'ರಾಯ ಅಸೋಕೋ' ಅಂತ ಹೆಸರು ಕೊರೆದಿರೋ ಅಶೋಕನ ಶಿಲ್ಪ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿ ಸಾತವಾಹನ ರಾಜರ ಕುರುಹುಗಳೂ ಇವೆ. ನಾವು ಮುಂದೆ ನೋಡೋಕೆ ಹೊರಟಿದ್ದೂ ಅದೇ ಸಾತವಾಹನರ ಜಾಗ. ಹೊಳೆಯ ಮೇಲ್ಗಡೆ ಒಂದು, ಕೆಳಗಡೆ ಇನ್ನೊಂದು. ಅಪ್ಪ ಬೆಳಗ್ಗಿಂದ ಮೊದಲ ಸಲ ತಾವಾಗೇ ಒಂದು ಪ್ರಶ್ನೆ ಕೇಳಿದ್ದು ಇಲ್ಲಿ. ನಾನು ಶೀಟ್ ಇರೋ ಫೋನನ್ನ ಬ್ಯಾಗಿಗೆ ಹಾಕಿದೆ.

ಘಾಟ್‌ಘರ್ ಹಳ್ಳಿ ದಾಟಿದರೆ ನೆಲ ಮುಗಿದುಹೋಗುತ್ತೆ. ನಿಜವಾಗಲೂ ಮುಗಿದುಹೋಗುತ್ತೆ. ಹುಲ್ಲುಗಾವಲು, ಅದರ ತುಂಬ ಸೋನ್ಕಿ ಅಂತ ಪುಟ್ಟ ಹಳದಿ ಹೂವು, ಒಂದು ಹತ್ತು ಹೆಜ್ಜೆ ಮುಂದೆ ಹೋದರೆ ಅಂಚು. ಕೆಳಗೆ ಕೊಂಕಣ. ಎಡಗಡೆ ಜೀವಧನ್ ಕೋಟೆ, ಅದರ ಪಕ್ಕ ಒಂಟಿಯಾಗಿ ನಿಂತ ವಾನರಲಿಂಗಿ ಅನ್ನೋ ಕಲ್ಲಿನ ಕಂಬ. ಮಳೆಗಾಲದಲ್ಲಿ ಇಲ್ಲೊಂದು ಜಲಪಾತ ಮೇಲಕ್ಕೆ ಹರಿಯುತ್ತೆ ಅಂತ ವಿಡಿಯೋ ನೋಡಿರ್ತೀರ. ಮಾಯ ಏನಿಲ್ಲ. ಕೊಂಕಣದಿಂದ ಬರೋ ಗಾಳಿ ನೆಟ್ಟಗಿನ ಗೋಡೆಗೆ ಬಡಿದು ಮೇಲೆ ನುಗ್ಗುತ್ತೆ, ಬೀಳ್ತಿರೋ ನೀರನ್ನ ಹನಿಹನಿ ಮಾಡಿ ವಾಪಸ್ ಎಸೆಯುತ್ತೆ. ನಾವು ಹೋದಾಗ ನೀರು ಸಣ್ಣದಾಗಿತ್ತು, ಗಾಳಿ ಮಾತ್ರ ಜೋರಿತ್ತು. ಎಂಟು ವರ್ಷದ ನನ್ನ ಮಗಳು ಮುಖಕ್ಕೆ ಹನಿ ಬಿದ್ದಾಗಲೆಲ್ಲ ಕಿರುಚೋಳು, ತಾತನ ಟೋಪಿ ಹಾರಿ ಅದನ್ನ ಹಿಡಿಯೋಕೆ ಓಡಿದಳು. ಇಲ್ಲಿ ಒಂದು ಮಾತು. ಜುಲೈ ಆಗಸ್ಟ್ ಭಾನುವಾರ ದಯವಿಟ್ಟು ಹೋಗಬೇಡಿ, ಜನ ಬಿಟ್ಟು ಬೇರೇನೂ ಕಾಣಲ್ಲ. ಅಂಚಿನಲ್ಲಿ ಸೆಲ್ಫಿಗೆ ನಿಲ್ಲಬೇಡಿ, ಅದೇ ಗಾಳಿ ನಿಮ್ಮನ್ನೂ ತಳ್ಳುತ್ತೆ.

ಈ ಅಂಚಿನಲ್ಲಿ ಒಂದು ಸೀಳು ಇದೆ. ಎರಡು ಬೆಟ್ಟದ ಮಧ್ಯೆ ಓಣಿ ಥರ, ಕಲ್ಲು ಹಾಸಿದ ದಾರಿ ಕೆಳಗೆ ಇಳಿಯುತ್ತೆ. ಅದೇ ಘಾಟ್. ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣ, ಸೋಪಾರ ಬಂದರುಗಳಿಂದ ಸರಕು ಹೊತ್ತ ಎತ್ತು, ಕತ್ತೆಗಳು ಹತ್ತಿ ಜುನ್ನರಿಗೆ, ಅಲ್ಲಿಂದ ಪೈಠಣಕ್ಕೆ ಹೋಗ್ತಿದ್ದ ದಾರಿ. ತಲೆಯಲ್ಲಿ ಒಂದು ದೊಡ್ಡ ಕಲ್ಲಿನ ರಂಜಣಿಗೆ ಇದೆ, ಸುಂಕದ ದುಡ್ಡು ಇದಕ್ಕೇ ಹಾಕ್ತಿದ್ದರು ಅಂತ ಇಲ್ಲಿನವರು ಹೇಳ್ತಾರೆ. ಮರಾಠಿಯಲ್ಲಿ ನಾಣೆ ಅಂದರೆ ನಮ್ಮ ನಾಣ್ಯವೇ. ಹೆಸರಲ್ಲೇ ದುಡ್ಡು ಇರೋ ಘಾಟು. ನನ್ನ ಮಗಳು ಅದರೊಳಗೆ ಇಣುಕಿ, "ತಾತ, ಫಾಸ್ಟ್ಯಾಗ್!" ಅಂದಳು. ಅಪ್ಪ ಜೋರಾಗಿ ನಕ್ಕರು. ಜೂನ್‌ನಿಂದ ಅವರು ನಕ್ಕಿದ್ದು ನಾನು ಕೇಳಿರಲಿಲ್ಲ.

ದಾರಿಯಲ್ಲಿ ಸ್ವಲ್ಪ ಕೆಳಗಿಳಿದರೆ ಗುಹೆ. ಅಪ್ಪನನ್ನ ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮನೆಯವರು ಹಿಡಿದುಕೊಂಡು ಇಳಿಸಿದ್ವಿ. ಅಲ್ಲಿ ಹೆಗಲು ಬೇಡ ಅನ್ನಲಿಲ್ಲ. ಹೊರಗಿಂದ ನೋಡಿದರೆ ಏನೂ ಇಲ್ಲ, ಒಂದು ಚೌಕದ ಕೋಣೆ. ತಿಂಡಿ ತಿನ್ನೋಕೆ ಕೂತಿದ್ದ ಹುಡುಗರ ಗುಂಪು ನಮಗೆ ಜಾಗ ಬಿಟ್ಟು ಎದ್ದು ಹೋಯ್ತು. ಎಡಗೋಡೆ, ಬಲಗೋಡೆ ತುಂಬ ಅಕ್ಷರ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ವಿಲಿಯಂ ಸೈಕ್ಸ್ ಅನ್ನೋ ಇಂಗ್ಲಿಷರವನು 1828ರಲ್ಲಿ ಇದನ್ನ ನೋಡಿ ಹೊರಜಗತ್ತಿಗೆ ತಿಳಿಸಿದ. ಬರೆಸಿದ್ದು ಕ್ರಿ.ಪೂ. 1ನೇ ಶತಮಾನದ ಆಸುಪಾಸು. ಯಾರ ಬಗ್ಗೆ ಅಂದರೆ ನಾಗನಿಕಾ ಅನ್ನೋ ರಾಣಿಯ ಬಗ್ಗೆ, ಸಾತವಾಹನ ರಾಜ ಶಾತಕರ್ಣಿಯ ಹೆಂಡತಿ.

ಮೊದಲು ದೇವತೆಗಳಿಗೆಲ್ಲ ನಮಸ್ಕಾರ. ಆಮೇಲೆ ಏನಿದೆ ಗೊತ್ತಾ? ಲೆಕ್ಕ. ಮಾಡಿಸಿದ ಯಜ್ಞಗಳು, ಒಂದೊಂದಕ್ಕೂ ಕೊಟ್ಟ ದಕ್ಷಿಣೆ. ಇಷ್ಟು ಹಸು, ಇಷ್ಟು ಕುದುರೆ, ಇಷ್ಟು ಆನೆ, ಇಷ್ಟು ಕಾರ್ಷಾಪಣ. ಕಾರ್ಷಾಪಣ ಅಂದರೆ ಆಗಿನ ನಾಣ್ಯ. ನಾನು ಪುಸ್ತಕದಲ್ಲಿದ್ದ ಶಾಸನದ ಪಡಿಯಚ್ಚನ್ನ ಪ್ರಿಂಟ್ ಮಾಡಿಕೊಂಡು ಹೋಗಿದ್ದೆ. ಅಪ್ಪ ಅದನ್ನ ಕಿತ್ತುಕೊಂಡರು ಅಂತಲೇ ಹೇಳಬೇಕು. ಗೋಡೆ ನೋಡ್ತಾರೆ, ಹಾಳೆ ನೋಡ್ತಾರೆ, ಕನ್ನಡಕ ಮೇಲೆ ಕೆಳಗೆ.

ಒಂದು ಕಡೆ 'ಬಾರಸ' ಅಂತ ಅಕ್ಷರದಲ್ಲಿ ಬರೆದು, ಪಕ್ಕದಲ್ಲೇ 12 ಅಂತ ಅಂಕಿ ಹಾಕಿದಾರೆ. 12 ಹಸು, 1 ಕುದುರೆ. "ನೋಡವ್ವ, ಚೆಕ್ಕಿನಲ್ಲಿ ಬರೆಯೋ ಹಾಗೆ! ಅಕ್ಷರದಲ್ಲೂ ಅಂಕಿಯಲ್ಲೂ!" ಅಂತ ಅಪ್ಪ. ನಮ್ಮ ದೇಶದಲ್ಲಿ ಅಂಕಿಗಳು ಇಷ್ಟೊಂದು ಒಟ್ಟಿಗೆ ಸಿಗೋ ತುಂಬ ಹಳೆಯ ಶಾಸನಗಳಲ್ಲಿ ಇದೂ ಒಂದು. ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು. ಏಳು ನೋಡಿದರೆ ನಮ್ಮ 7ಕ್ಕೆ ದೂರದ ನೆಂಟ ಅನ್ನೋದು ಗೊತ್ತಾಗುತ್ತೆ. ಆದರೆ ಸೊನ್ನೆ ಇಲ್ಲ. ಹತ್ತಕ್ಕೆ ಬೇರೆ ಗುರುತು, ಇಪ್ಪತ್ತಕ್ಕೆ ಬೇರೆ, ನೂರಕ್ಕೆ, ಸಾವಿರಕ್ಕೆ ಬೇರೆ. ನೂರರ ಗುರುತಿಗೆ ನಾಲ್ಕನ್ನ ಅಂಟಿಸಿದರೆ ನಾನೂರು, ಸಾವಿರದ ಗುರುತಿಗೆ ನಾಲ್ಕು ಅಂಟಿಸಿದರೆ ನಾಲ್ಕು ಸಾವಿರ. ಒಂದು ಕಡೆ 24,400 ಕಾರ್ಷಾಪಣ ಕೊಟ್ಟದ್ದು ಇದೆ. ನಮಗೆ ಬರೆಯೋಕೆ ಐದು ಅಂಕಿ ಬೇಕು. ಅವರಿಗೆ ಮೂರೇ ಗುರುತು, ಇಪ್ಪತ್ತು ಸಾವಿರ, ನಾಲ್ಕು ಸಾವಿರ, ನಾನೂರು. ಇನ್ನೊಂದು ಕಡೆ 10,001 ಹಸು. ಅದಕ್ಕೆ ಎರಡೇ ಗುರುತು.

ನಾನು ದಿನವಿಡೀ ಕೆಲಸ ಮಾಡೋದು ಸೊನ್ನೆ ಒಂದರ ಜೊತೆಗೆ. ಅಪ್ಪ 34 ವರ್ಷ ಮಕ್ಕಳಿಗೆ ಬಿಡಿ, ಹತ್ತು, ನೂರು ಅಂತ ಮನೆ ಹಾಕಿ ಕಲಿಸಿದೋರು. ಇಬ್ಬರೂ ಆ ಗೋಡೆ ಮುಂದೆ ನಿಂತು, ಸೊನ್ನೆ ಇಲ್ಲದೆ ಕೂಡೋದು ಹೇಗೆ, ದಶಕ ತೆಗೆದುಕೊಳ್ಳೋದು ಹೇಗೆ ಅಂತ ಜಗಳ ಆಡಿದ್ವಿ. ಮಗಳು ಅವಳ ಮರಾಠಿ ಪಾಠದ ದೇವನಾಗರಿ ಅಂಕಿ ನೆಲದಲ್ಲಿ ಬರೆದಳು, ತಾತ ಪಕ್ಕದಲ್ಲಿ ಕನ್ನಡ ಅಂಕಿ ಬರೆದರು, ನಾನು ಹಾಳೆ ನೋಡಿಕೊಂಡು ಬ್ರಾಹ್ಮಿ. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ.

ಆಮೇಲೆ ಅಪ್ಪ ಕೇಳಿದರು, "ಇದನ್ನ ಬರೆದದ್ದು ಕೊಟ್ಟೋರಾ, ಇಸ್ಕೊಂಡೋರಾ?"

"ಕೊಟ್ಟೋರು."

"ಇಸ್ಕೊಂಡೋರು ಬರೆಯಲಿಲ್ಲ?"

ನಾನು ಏನೂ ಹೇಳಲಿಲ್ಲ. ಅವರ ಲೆಕ್ಕದ ಪುಸ್ತಕ ಇಬ್ಬರ ತಲೆಯಲ್ಲೂ ಇತ್ತು.

ಆ ಶಾಸನದಲ್ಲಿ ನಾಗನಿಕಾ ಬಗ್ಗೆ ಒಂದು ಮಾತಿದೆ. ತಿಂಗಳುಗಟ್ಟಲೆ ಉಪವಾಸ ಮಾಡೋಳು, ಮನೆಯಲ್ಲಿದ್ದುಕೊಂಡೇ ತಪಸ್ವಿನಿಯಾದೋಳು ಅಂತ. ಗಂಡ ಹೋದ ಮೇಲಿನ ಅವಳ ಬದುಕು ಅದು ಅಂತ ಓದ್ತಾರೆ. ನಾನು ಹಾಳೆಯಿಂದ ಅದನ್ನ ಓದಿ ತಲೆ ಎತ್ತಿದೆ. ಮುಂದೆ ನಿಂತಿದ್ದೋರು ನಮ್ಮ ಮನೆಯಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳದೇ ಇರೋ ಮನುಷ್ಯ. ಆ ವಾಕ್ಯವನ್ನ ಅವರಿಗೆ ಅನುವಾದ ಮಾಡಿ ಹೇಳಲಿಲ್ಲ.

ಹೇಳಿದ್ದು ಹಿಂದಿನ ಗೋಡೆ ಬಗ್ಗೆ. ಎದುರಿಗೆ ಕಾಣೋ ಗೋಡೆಯಲ್ಲಿ ಒಂದು ಕಾಲಕ್ಕೆ ರಾಜಮನೆತನದವರ ವಿಗ್ರಹಗಳು ಸಾಲಾಗಿದ್ದವು. ಈಗ ಒಂದೂ ಇಲ್ಲ. ಪಾದಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಆದರೆ ಪ್ರತಿಯೊಬ್ಬರ ತಲೆಯ ಮೇಲ್ಗಡೆ ಹೆಸರು ಕೊರೆದಿದ್ದರು, ಅದು ಓದೋಕೆ ಸಿಕ್ಕಿದೆ. ಮೊದಲಿಗೆ ಸಿಮುಕ ಸಾತವಾಹನ, ಮನೆತನದ ಹಿರಿಯ. ಆಮೇಲೆ ದೇವಿ ನಾಗನಿಕಾ ಮತ್ತು ರಾಜ ಶಾತಕರ್ಣಿ, ರಾಣಿಯ ಹೆಸರೇ ಮುಂದೆ. ಆಮೇಲೆ ಒಬ್ಬ ರಾಜಕುಮಾರ. ಆಮೇಲೆ 'ಮಹಾರಠಿ ತ್ರಣಕಯಿರ'. ಮತ್ತೆ ರಾಜಕುಮಾರರು.

"ಈ ಮಹಾರಠಿ ಯಾರು? ಇವರ ಪೈಕಿ ಅಲ್ವಲ್ಲ," ಅಂದರು ಅಪ್ಪ.

"ಅಲ್ಲ. ಅದು ಪದವಿ, ದೊಡ್ಡ ಸಾಮಂತರಿಗೆ. ನಾಗನಿಕಾ ಮಹಾರಠಿಯ ಮಗಳು ಅಂತ ಆ ಗೋಡೆಯಲ್ಲೇ ಇದೆ. ಇವನು ಅವಳ ಅಪ್ಪ ಅಂತ ವಿದ್ವಾಂಸರು ಹೇಳ್ತಾರೆ."

ಅಪ್ಪ ಗೋಡೆಯ ಹತ್ತಿರ ಹೋದರು. ಸ್ವಲ್ಪ ಹೊತ್ತು ಸುಮ್ಮನೆ ಇದ್ದು, "ಅಳಿಯನ ಮನೆ ಸಾಲಿನಲ್ಲಿ ಮಾವನನ್ನೂ ನಿಲ್ಲಿಸಿದಾರಾ?" ಅಂದರು.

"ಮೊಮ್ಮಕ್ಕಳ ಪಕ್ಕದಲ್ಲೇ ನಿಲ್ಲಿಸಿದಾರೆ," ಅಂದೆ.

ನಮ್ಮನೆಯವರಿಗೆ ಇಂಥ ಹೊತ್ತಿನಲ್ಲಿ ಗಂಭೀರವಾಗಿರೋಕೆ ಬರಲ್ಲ. "ಮಾವ, ಪಾದ ಇದೆ, ಮೇಲಿಂದು ಇಲ್ಲ. ನೀವು ಹೋಗಿ ನಿಂತರೆ ಸೆಟ್ ಪೂರ್ತಿ ಆಗುತ್ತೆ" ಅಂದುಬಿಟ್ಟರು. ನನಗೆ ಎದೆ ಧಸಕ್ ಅಂತು. ಅಪ್ಪ ತಿರುಗಿ ಅವರನ್ನ ನೋಡಿ, "ಪುರಾತತ್ವದವರು ದಂಡ ಹಾಕ್ತಾರೆ ಕಣ್ರೀ. ಅದನ್ನೂ ನಾನು ಬಾಕಿ ಕಾಲಂಗೆ ಬರ್ಕೋಬೇಕಾಗುತ್ತೆ" ಅಂದರು. ಆ ಪುಸ್ತಕದ ಬಗ್ಗೆ ಎಲ್ಲರ ಮುಂದೆ, ಅದೂ ಅಳಿಯನ ಮುಂದೆ, ಅವರು ತಮಾಷೆ ಮಾಡಿದ್ದು ಅದೇ ಮೊದಲು.

ಮಹಾರಠಿ ಅನ್ನೋ ಪದವನ್ನ ಎಲ್ಲೋ ಕೇಳಿದೀನಲ್ಲ ಅಂತ ಅವರಿಗೆ ಅನ್ನಿಸ್ತಾ ಇತ್ತು. ಮೇಲೆ ಹತ್ತೋವಾಗ ನೆನಪಾಯ್ತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿ! ಅಲ್ಲಿ ಉತ್ಖನನ ಮಾಡಿದಾಗ ಮಹಾರಠಿ ಅಂತ ಬರೆದಿರೋ ಸೀಸದ ನಾಣ್ಯ ಸಿಕ್ಕಿದ್ದವು. ಪ್ರತಿ ವರ್ಷ ಶಾಲೆ ಮಕ್ಕಳನ್ನ ಚಂದ್ರವಳ್ಳಿಗೆ ಕರ್ಕೊಂಡು ಹೋಗಿ ಮಯೂರಶರ್ಮನ ಶಾಸನ ತೋರಿಸಿ, ಕೆರೆ ಏರಿ ಮೇಲೆ ಚಿತ್ರಾನ್ನ ತಿನ್ನಿಸಿ ಬರ್ತಿದ್ದೋರು ಅವರು. ನಾನೂ ಎಷ್ಟೋ ಸಲ ಹೋಗಿದೀನಿ, ಚಿತ್ರಾನ್ನ ಮಾತ್ರ ನೆನಪಿದೆ. ಪುಣೆಗೆ ಬಂದು, ಅಲ್ಲಿಂದ 120 ಕಿಲೋಮೀಟರ್ ಕಾರು ಓಡಿಸಿದ ಮೇಲೆ, ನಮ್ಮೂರಿನ ಮಣ್ಣಲ್ಲಿ ಸಿಕ್ಕಿದ ಪದವಿಯ ಹೆಸರು ನನಗೆ ಗೊತ್ತಾಗಿದ್ದು.

ಮಧ್ಯಾಹ್ನ ಎರಡೂವರೆಗೆ ಊಟ. ಮೇಲ್ಗಡೆ ತಗಡಿನ ಚಪ್ಪರದಲ್ಲಿ ಒಬ್ಬ ಅಜ್ಜಿ ಅಕ್ಕಿ ಭಾಕರಿ, ಪಿಠಲ, ಹಸಿಮೆಣಸಿನಕಾಯಿ ಠೇಚಾ ಕೊಟ್ಟರು. ಅಪ್ಪನಿಗೆ ಮರಾಠಿ ಬರಲ್ಲ, ಅಜ್ಜಿಗೆ ಕನ್ನಡ ಬರಲ್ಲ, ಆದರೂ ಇಬ್ಬರೂ ಮೊಣಕಾಲು ನೋವಿನ ಬಗ್ಗೆ ತುಂಬ ಹೊತ್ತು ಮಾತಾಡಿದರು. ಅಪ್ಪ ಪಿಠಲ ಎರಡನೇ ಸಲ ಹಾಕಿಸಿಕೊಂಡರು. ನಾನು ನೋಡದ ಹಾಗೆ ಇದ್ದೆ.

ಗುಳುಂಚವಾಡಿ ಸೇತುವೆ, ಅಣೆಕಟ್ಟು ಎಲ್ಲ ಬಿಟ್ವಿ. ಸಂಜೆವರೆಗೆ ಅಂಚಿನಲ್ಲಿ ಕೂತಿದ್ವಿ. ಮೋಡ ಕೊಂಕಣದಿಂದ ಹತ್ತಿ ಬಂದು, ನಮ್ಮ ಕಾಲ ಕೆಳಗಿನ ಊರುಗಳನ್ನೆಲ್ಲ ಮುಚ್ಚಿ, ಮತ್ತೆ ಬಿಡಿಸಿ ತೋರಿಸೋದು.

ಇಷ್ಟಾದರೂ ಅಪ್ಪ ಸೋಮವಾರ ಬಸ್ ಹತ್ತಿದರು. ನಾನು ಟಿಕೆಟ್ ಕ್ಯಾನ್ಸಲ್ ಮಾಡಿ ಅಂತ ಕೇಳಲಿಲ್ಲ, ಅವರೂ ಕಾರಣ ಹೇಳಲಿಲ್ಲ. ಮನೆಗೆ ಬಂದು ನೋಡಿದರೆ ಲೆಕ್ಕದ ಪುಸ್ತಕ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಮರೆತರೋ, ಬಿಟ್ಟು ಹೋದರೋ. ಶನಿವಾರದ ಪುಟದಲ್ಲಿ ಪೆಟ್ರೋಲು, ಟೋಲು, ಊಟ ಎಲ್ಲ ಇದೆ, ಅಕ್ಷರದಲ್ಲೂ ಅಂಕಿಯಲ್ಲೂ. ಬಲಗಡೆ ಕಾಲಂ ಖಾಲಿ. ಹಿಂದಿನ ಪುಟದ ಮೊತ್ತವನ್ನ ಹೊಡೆದು ಹಾಕಿರಲಿಲ್ಲ, ಮುಂದಕ್ಕೆ ತಂದೂ ಇರಲಿಲ್ಲ.

ಬಚ್ಚಲಮನೆಗೆ ಹಿಡಿಕೆ ಹಾಕಿಸಿದೀವಿ, ಇಲ್ಲೂ ಅಲ್ಲೂ. ದಿನಾ ರಾತ್ರಿ ಎಂಟಕ್ಕೆ ಫೋನ್. ಹೋದ ವಾರ ಅಪ್ಪ ಮೊಮ್ಮಗಳಿಗೆ ಹೇಳ್ತಿದ್ದರು, ಡಿಸೆಂಬರ್ ರಜಕ್ಕೆ ಬಾ, ಚಂದ್ರವಳ್ಳಿ ತೋರಿಸ್ತೀನಿ, ಆಮೇಲೆ ನಿನ್ನ ಜೊತೆ ನಾನೂ ಪುಣೆಗೆ ಬರ್ತೀನಿ, ಆ ಸೇತುವೆ ನೋಡೋದು ಬಾಕಿ ಇದೆಯಲ್ಲ ಅಂತ. ಫೋನ್ ನನ್ನ ಕೈಗೆ ಬಂದಾಗ, "ಟಿಕೆಟ್ ದುಡ್ಡು ನಾನು ಕೊಡ್ತೀನಿ, ನೀನು ಅದನ್ನ ಎಲ್ಲೂ ಬರ್ಕೋಬೇಡ" ಅಂದರು.

ಸೇತುವೆ ನೋಡಿಬಂದರೆ ಇನ್ನೊಂದು ಸಲ ಮಾತಾಡ್ತೀನಿ.